ಬೇರೆ ಸದ್ದಿಲ್ಲ

ಜೂನ್ ೮

ಅಪ್ಪನಿಗೆ ನಮಸ್ಕಾರ.

ಫೋನ್ ಮಾಡಿದರೆ ನೀವು ‘ಹಾಂ, ಸರಿ, ಇಡ್ತೀನಿ’ ಎಂದು ಅಲ್ಲಿಗೇ ಮುಗಿಸಿಬಿಡುತ್ತೀರಿ. ಕಾಗದವಾದರೆ ಕನ್ನಡಕ ಹಾಕಿಕೊಂಡು ಕೊನೆಯವರೆಗೂ ಓದುತ್ತೀರಿ. ಅದಕ್ಕೇ ಬರೆಯುತ್ತಿದ್ದೇನೆ, ಅದೂ ಬಸ್ಸಿನಲ್ಲಿ ಕೂತು. ಅಕ್ಷರ ಸೊಟ್ಟಗಿದ್ದರೆ ರಸ್ತೆಗೆ ಬಯ್ಯಿರಿ, ನನಗಲ್ಲ.

ಓದು ಶುರುವಾದ ಮೇಲೆ ನನ್ನ ಕಾಲು ಒಂದು ಕಡೆ ನಿಂತಿಲ್ಲ. ಬೆಳಿಗ್ಗೆ ಆಪರೇಷನ್ ಆದವರ ವಾರ್ಡು, ಮಧ್ಯಾಹ್ನ ಕಾಲೇಜು, ಸಂಜೆ ಪುಟ್ಟಿಯ ಲೆಕ್ಕದ ಮನೆಗೆಲಸ. ವಾರ್ಡಿನಲ್ಲಿದ್ದರೆ ಬರೆಯದೆ ಉಳಿದ ಪಾಠ ನೆನಪಾಗುತ್ತದೆ. ಕ್ಲಾಸಿನಲ್ಲಿದ್ದರೆ ಕಿಟಕಿ ಪಕ್ಕದ ಮಂಚದ ಅಜ್ಜನ ಡ್ರಿಪ್ಪು ಖಾಲಿಯಾಗಿರಬೇಕು ಎಂದು ಜೀವ ಎಳೆಯುತ್ತದೆ. ಮೊನ್ನೆ ಪಾಠದ ಮಧ್ಯೆ ಯಾರದೋ ಫೋನು ಕುಂಯ್ ಅಂತು, ನಾನು ಧಡಕ್ಕನೆ ಎದ್ದು ನಿಂತೆ. ಇಡೀ ಕ್ಲಾಸು ನಕ್ಕಿತು. ಅವರೆಲ್ಲ ನನಗಿಂತ ಚಿಕ್ಕವರು, ನಗಲಿ ಬಿಡಿ.

‘ಕೆಲಸ ಇದೆ, ಸಂಸಾರ ಇದೆ, ಇನ್ನು ಈ ನರ್ಸಿಂಗ್ ಎಂ.ಎಸ್ಸಿ. ಯಾಕೆ ಬೇಕಿತ್ತಮ್ಮಾ ನಿನಗೆ?’ ಎಂದು ವಾರ್ಡಿನ ದೊಡ್ಡ ಸಿಸ್ಟರ್ ದಿನಾ ಕೇಳುತ್ತಾರೆ. ಅವರಿಗೆ ಹೇಳದ್ದನ್ನು ನಿಮಗೆ ಹೇಳುತ್ತೇನೆ. ಇಷ್ಟು ವರ್ಷ ರೋಗಿಯಲ್ಲಿ ಏನೋ ಸರಿಯಿಲ್ಲ ಅನಿಸಿದಾಗೆಲ್ಲ ‘ಡಾಕ್ಟರ್, ಒಮ್ಮೆ ಬಂದು ನೋಡಿ’ ಎಂದಷ್ಟೇ ಅಂದಿದ್ದೇನೆ. ಏನು ಸರಿಯಿಲ್ಲ ಎಂದು ನನ್ನ ಬಾಯಿಂದಲೇ ಹೇಳಬೇಕು, ಅಪ್ಪ. ಅದೊಂದೇ ಆಸೆ. ಹೊಸ ನರ್ಸುಗಳಿಗೆ ಪಾಠ ಹೇಳುವ ಹುದ್ದೆಯೂ ಬರುವ ವರ್ಷ ಖಾಲಿಯಾಗುತ್ತದೆ. ಈ ಓದು ಆ ಹೊತ್ತಿಗೆ ಮುಗಿದರೆ ನನಗೇ ಸಿಗುತ್ತದೆ.

ಈಗ ವಿಷಯ. ಮುಂದಿನ ತಿಂಗಳು ನನಗೊಂದು ಪರೀಕ್ಷೆ. ಒಬ್ಬ ಮನುಷ್ಯನನ್ನು ನೆತ್ತಿಯಿಂದ ಅಂಗಾಲಿನವರೆಗೆ ಪರೀಕ್ಷಿಸುತ್ತ, ಕಂಡದ್ದು ಕೇಳಿದ್ದನ್ನು ಗಟ್ಟಿಯಾಗಿ ಹೇಳುತ್ತ ವಿಡಿಯೋ ಮಾಡಿ ಕಳಿಸಬೇಕು. ನಮ್ಮ ಮನೆಯವರನ್ನು ಮಲಗಿಸಿ ಹೊಟ್ಟೆ ಮುಟ್ಟಿದರೆ ಕಚಗುಳಿ ಎಂದು ಹೊರಳಾಡಿ ನಗುತ್ತಾರೆ. ಪುಟ್ಟಿ ಒಂದು ಗಳಿಗೆ ಸುಮ್ಮನಿರುವವಳಲ್ಲ. ಅಮ್ಮನನ್ನು ಕೂರಿಸಿದರೆ ಒಲೆ ಮೇಲೆ ಏನೋ ಇಟ್ಟಿದ್ದೀನಿ ಎಂದು ಮಧ್ಯದಲ್ಲೇ ಎದ್ದು ಹೋಗುತ್ತಾಳೆ. ಅಲುಗಾಡದೆ ಕೂರುವವರು ನೀವೊಬ್ಬರೇ. ಭಾನುವಾರ ಬಂದು ಸಂಜೆಯ ಬಸ್ಸಿಗೆ ಹೊರಟುಬಿಡುತ್ತೇನೆ. ಆಗಬಹುದೇ?

ನಿಮ್ಮ ಮಗಳು


ಜೂನ್ ೧೭

ಮಗಳೇ, ಸಾವಧಾನ್!

ಕಾಗದ ತಲುಪಿತು. ಬಸ್ಸಿನಲ್ಲಿ ಬರೆದದ್ದು ಎಂದು ನೀನು ಹೇಳಬೇಕಾಗಿರಲಿಲ್ಲ. ಡ್ರಿಲ್ ಮೇಷ್ಟ್ರಾಗಿ ಎಂತೆಂಥ ಮಕ್ಕಳನ್ನೋ ಸಾಲಾಗಿ ನಿಲ್ಲಿಸಿದ್ದೇನೆ, ನಿನ್ನ ಅಕ್ಷರಗಳನ್ನು ನಿಲ್ಲಿಸಲು ನನ್ನಿಂದಾಗದು.

ಒಪ್ಪಿದ್ದೇನೆ. ಷರತ್ತುಗಳಿವೆ. ಅಂಗಿ ಬಿಚ್ಚುವಾಗ ಕಿಟಕಿ ಮುಚ್ಚಬೇಕು. ಮೊಣಕಾಲಿಗೆ ಸುತ್ತಿಗೆಯಿಂದ ಬಡಿಯುವ ಮೊದಲು ಹೇಳಬೇಕು, ಇಲ್ಲವಾದರೆ ನಾನು ಒದೆಯುವುದಕ್ಕೆ ನಾನು ಜವಾಬ್ದಾರನಲ್ಲ. ನನ್ನ ತೂಕವನ್ನು ನಿನ್ನ ಅಮ್ಮನ ಎದುರು ಓದಕೂಡದು.

ಪರೀಕ್ಷೆಗೆ ಒಳ್ಳೆಯ ಮನುಷ್ಯನನ್ನೇ ಆರಿಸಿದ್ದೀಯ. ನಿವೃತ್ತಿಯಾದರೂ ಈಗಲೂ ಶಾಲಾ ಮೈದಾನದಲ್ಲಿ ಫುಟ್ಬಾಲಿಗೆ ರೆಫರಿ ನಾನೇ. ಜನ ‘ಸೀಟಿ ಮೇಷ್ಟ್ರು’ ಎಂದೇ ಕರೆಯುವುದು. ಸೆಪ್ಟೆಂಬರಿನಲ್ಲಿ ಫೈನಲ್ ಇದೆ.

ಓದಿನ ಬಗ್ಗೆ ಒಂದೇ ಮಾತು. ಸಣ್ಣವಳಿದ್ದಾಗ ಓಟದ ಗೆರೆಯ ಮೇಲೆ ತುದಿಗಾಲಲ್ಲಿ ನಿಂತು, ನಾನು ಸೀಟಿ ಊದುವ ಮುಂಚೆಯೇ ಓಡಿಬಿಡುತ್ತಿದ್ದೆ. ಆ ಚಾಳಿ ಬಿಡು. ಬಾ.

ಅಪ್ಪ

ಮಗೂ, ನಿಮ್ಮಪ್ಪ ಲಕೋಟೆ ತರೋಕೆ ಹೋಗಿದ್ದಾರೆ, ಅಷ್ಟರಲ್ಲಿ ಈ ಮೂಲೇಲಿ ಬರೀತಿದ್ದೀನಿ. ಈಗೀಗ ಮೆಟ್ಟಿಲು ಹತ್ತುವಾಗ ಅರ್ಧಕ್ಕೆ ನಿಂತ್ಕೋತಾರೆ. ಯಾಕ್ರೀ ಅಂದ್ರೆ ‘ಗಿಡ ನೋಡ್ತಿದ್ದೀನಿ’ ಅಂತಾರೆ. ಅಲ್ಲಿ ಗಿಡ ಎಲ್ಲಿದೆ? ಬರೀ ಗೋಡೆ. ಡಾಕ್ಟರ ಹತ್ರ ಅವರ ಹೆಸರು ಬರೆಸಿಟ್ಟಿದ್ದೀನಿ, ಅಷ್ಟು ಸುಲಭಕ್ಕೆ ಬರೋರಲ್ಲ. ನೀನೂ ಒಂದು ಮಾತು ಹೇಳು. ನಾನು ಹೇಳ್ದೆ ಅಂತ ಬಾಯಿ ಬಿಡಬೇಡ. – ಅಮ್ಮ


ಜುಲೈ ೨೬

ಮಗಳೇ, ಸಾವಧಾನ್! ಎದೆ ಮುಂದೆ, ಭುಜ ಹಿಂದೆ!

ಪೂರ್ತಿ ಮಾರ್ಕಂತೆ! ಅಳಿಯಂದಿರು ಫೋನ್ ಮಾಡಿ ಹೇಳಿದರು. ನಿಮ್ಮ ಕಾಲೇಜಿನ ಮೇಡಂ ಆ ವಿಡಿಯೋವನ್ನು ‘ಹೀಗೆ ಮಾಡಬೇಕು’ ಎಂದು ಮುಂದಿನ ತಂಡಕ್ಕೆ ತೋರಿಸುತ್ತಾರಂತೆ. ಅಂದರೆ ನಾನೀಗ ಪಠ್ಯಪುಸ್ತಕ.

ಅಳಿಯಂದಿರು ಕಳಿಸಿದ ವಿಡಿಯೋ ನನ್ನ ಫೋನಿಗೂ ಬಂತು. ಕ್ಷೌರದಂಗಡಿಯವನಿಗೆ ತೋರಿಸಿದೆ, ಔಷಧಿ ಅಂಗಡಿಯವನಿಗೆ ತೋರಿಸಿದೆ, ಕೆಳಗಿನ ಮನೆಯ ವಕೀಲರಿಗೆ ಬೇಡ ಬೇಡ ಎಂದರೂ ತೋರಿಸಿದೆ. ನನ್ನ ಎದೆಯ ಮೇಲೆ ಸ್ಟೆತೊಸ್ಕೋಪ್ ಇಟ್ಟು, ನಾಲ್ಕು ಕಡೆ ಸರಿಸಿ, ನೀನು ಗಂಭೀರವಾಗಿ ಹೇಳುತ್ತೀಯಲ್ಲ, ‘ಹೃದಯದ ಸದ್ದು ಸಹಜವಾಗಿದೆ, ಬೇರೆ ಸದ್ದಿಲ್ಲ’ ಎಂದು? ಅದೊಂದು ಭಾಗವನ್ನು ಎರಡು ಸಲ ಹಾಕಿ ತೋರಿಸುತ್ತೇನೆ. ಬೇರೆ ಸದ್ದಿಲ್ಲ! ಏನು ಗತ್ತು!

ನಿನ್ನ ಅಮ್ಮ ನನಗೆ ಗೊತ್ತಿಲ್ಲದಂತೆ ಯಾವನೋ ಡಾಕ್ಟರ ಬಳಿ ನನ್ನ ಹೆಸರು ಬರೆಸಿದ್ದಳು. ಅಲ್ಲಿಗೆ ಫೋನ್ ಮಾಡಿ, ‘ನನ್ನ ಮಗಳು ನೋಡಿದ್ದಾಳೆ, ಎಲ್ಲ ಸಹಜ, ನಿಮ್ಮ ಹೊತ್ತನ್ನು ನಿಜವಾದ ರೋಗಿಗೆ ಕೊಡಿ’ ಎಂದು ಹೇಳಿ ಹೆಸರು ಹೊಡೆಸಿ ಹಾಕಿದೆ.

ಹೆಮ್ಮೆಯಿಂದ,
ಅಪ್ಪ


ಜುಲೈ ೩೦

ಅಪ್ಪ,

ಈ ಕಾಗದವನ್ನು ಕೂತು ಓದಿ. ನಿಮ್ಮ ಕಾಗದ ಊಟದ ಹೊತ್ತಿಗೆ ಬಂತು. ಡಾಕ್ಟರ ಹತ್ತಿರ ಹೆಸರು ಹೊಡೆಸಿದ್ದೀರಿ ಎಂಬಲ್ಲಿಗೆ ಬಂದಾಗ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟೆ, ಆಮೇಲೆ ಊಟ ಸೇರಲಿಲ್ಲ.

ಅಪ್ಪ, ನನಗೆ ಬೇರೆ ಸದ್ದು ಕೇಳಿಸಿತ್ತು.

ಹೇಗಾಯಿತು ಹೇಳುತ್ತೇನೆ. ಈ ಪರೀಕ್ಷೆಗೆ ನಾವೆಲ್ಲ ಮಾತುಗಳನ್ನು ಬಾಯಿಪಾಠ ಮಾಡಿರುತ್ತೇವೆ. ಆರೋಗ್ಯವಂತನ ಮೇಲೇ ತಾನೇ ಮಾಡುವುದು ಎಂದು, ಸಿಗಬೇಕಾದ ಉತ್ತರಗಳನ್ನೂ ಕಲಿತುಬಿಟ್ಟಿರುತ್ತೇವೆ. ಕಣ್ಣಿನ ಪಾಪೆ ಸಮ, ಕತ್ತಿನಲ್ಲಿ ಗಂಟಿಲ್ಲ, ಹೃದಯದ ಸದ್ದು ಸಹಜ, ಬೇರೆ ಸದ್ದಿಲ್ಲ, ಹೊಟ್ಟೆ ಮೃದು. ಹೇಳಬೇಕಾದ್ದೊಂದು ಬಿಟ್ಟುಹೋದರೂ ಮಾರ್ಕು ಹೋಗುತ್ತದೆ, ಹೊತ್ತು ಮೀರಿದರೂ ಹೋಗುತ್ತದೆ. ನಾನು ರಾತ್ರಿ ಪಾಳಿ ಮುಗಿಸಿ ನೇರ ಬಸ್ಸು ಹತ್ತಿ ಬಂದಿದ್ದೆ. ಮತ್ತೆ ಸಂಜೆಯ ಬಸ್ಸು ಹಿಡಿಯಬೇಕಿತ್ತು.

ನಿಮ್ಮ ಎದೆಯ ಬಲಗಡೆ, ಮೇಲೆ, ಸ್ಟೆತೊಸ್ಕೋಪ್ ಇಟ್ಟಾಗ ಲಬ್ ಮತ್ತು ಡಬ್ ಎರಡರ ನಡುವೆ ಏನೋ ಒರಟಾಗಿ ಉಜ್ಜಿದ ಹಾಗೆ ಕೇಳಿಸಿತು. ಕೇಳಿಸುತ್ತಿರುವಾಗಲೇ ನನ್ನ ಬಾಯಿ ‘ಬೇರೆ ಸದ್ದಿಲ್ಲ’ ಅಂದುಬಿಟ್ಟಿತು. ಕೈ ಆಗಲೇ ಹೊಟ್ಟೆಯ ಕಡೆ ಹೋಗಿತ್ತು. ಎಲ್ಲ ಮುಗಿದ ಮೇಲೆ ಮತ್ತೊಮ್ಮೆ ಕೇಳಬೇಕು ಎಂದುಕೊಂಡೆ. ಅಮ್ಮ ಚಹಾ ತಂದಳು, ನೀವು ಬಸ್ಸಿಗೆ ಹೊತ್ತಾಯಿತು ಎಂದು ಅವಸರಿಸಿದಿರಿ, ನಾನು ಓಡಿದೆ. ಬಸ್ಸಿನಲ್ಲಿ ನನಗೆ ನಾನೇ ಹೇಳಿಕೊಂಡೆ: ಫ್ಯಾನಿನ ಸದ್ದಿರಬೇಕು, ನಾನಿನ್ನೂ ಕಲಿಯುವವಳು, ನನ್ನ ಕಿವಿಗೇನು ಗೊತ್ತು. ಆವತ್ತಿನಿಂದ ಸಮಾಧಾನವಿಲ್ಲ. ಪುಟ್ಟಿಯ ಎದೆಗೂ ಇಟ್ಟು ಕೇಳುತ್ತೇನೆ, ಮನೆಯವರ ಎದೆಗೂ. ‘ನಿನಗೇನೋ ಹಿಡಿದಿದೆ ಕಣೇ’ ಎನ್ನುತ್ತಾರೆ ಅವರು.

ನೀವು ಮೆಟ್ಟಿಲಲ್ಲಿ ನಿಲ್ಲುವುದು ನನಗೆ ಗೊತ್ತು. ಯಾರು ಹೇಳಿದರು ಎಂದು ಕೇಳಬೇಡಿ. ಕಾಲು ಹಿಡಿದು ಕೇಳಿಕೊಳ್ಳುತ್ತೇನೆ, ಡಾಕ್ಟರ ಹತ್ತಿರ ಹೋಗಿ. ಹೃದಯದ ಎಕೋ ಸ್ಕ್ಯಾನ್ ಮಾಡಿಸಿ. ಅಲ್ಲಿಯವರೆಗೆ ಮೈದಾನದಲ್ಲಿ ಓಡಬೇಡಿ.

ನಿಮ್ಮ ಮಗಳು


ಆಗಸ್ಟ್ ೧೧

ಮಗಳೇ,

ನಿನ್ನ ಕಾಗದ ಬಂದು ಒಂದು ವಾರ ಉತ್ತರ ಬರೆಯಲಿಲ್ಲ. ಸಿಟ್ಟು ಇಳಿಯಲಿ ಎಂದು ಕಾದೆ. ಪೂರ್ತಿ ಇಳಿದಿಲ್ಲ.

ರೆಫರಿಯಾದವನು ಸೀಟಿ ಊದಿದ ಮೇಲೆ ಮುಗಿಯಿತು. ಜನ ಕೂಗುತ್ತಾರೆ, ಕಲ್ಲು ತೂರುತ್ತಾರೆ, ತಾಯಿತಂದೆಯನ್ನೆಲ್ಲ ಎಳೆದು ಬಯ್ಯುತ್ತಾರೆ. ಅವನು ಹಿಂದಿರುಗಿ ನೋಡಕೂಡದು. ನೋಡಿದರೆ ಮುಂದಿನ ಆಟದಲ್ಲಿ ಅವನ ಸೀಟಿಗೆ ಯಾರೂ ನಿಲ್ಲುವುದಿಲ್ಲ. ನನ್ನ ಜನ್ಮದಲ್ಲಿ ನಾನು ಒಂದೇ ಒಂದು ತೀರ್ಪನ್ನೂ ಬದಲಿಸಿದವನಲ್ಲ. ನೀನು ‘ಸಹಜ’ ಎಂದಿದ್ದೀಯ. ಓದಿದ ಮೇಡಂ ಸರಿ ಎಂದು ಮಾರ್ಕು ಹಾಕಿದ್ದಾರೆ. ತೀರ್ಪು ತೀರ್ಪೇ.

ಯೋಚಿಸಿ ನೋಡು. ನಾನು ಈಗ ಡಾಕ್ಟರ ಬಳಿ ಹೋಗಿ ಅವನು ಏನಾದರೂ ಇದೆ ಎಂದರೆ ನಿನ್ನ ಮಾರ್ಕು ಏನಾಗುತ್ತದೆ? ನಿದ್ದೆಗೆಟ್ಟು ಓದಿದ್ದು, ಮಗುವನ್ನು ಪಕ್ಕದ ಮನೆಯಲ್ಲಿ ಬಿಟ್ಟು ಓಡಾಡಿದ್ದು, ಎಲ್ಲ ನೀರುಪಾಲು. ನನ್ನ ಎದೆಯಿಂದ ನಿನ್ನ ಓದು ಕೆಡುವುದು ಬೇಡ. ಮೆಟ್ಟಿಲಲ್ಲಿ ನಿಂತರೆ ವಯಸ್ಸಾಯಿತು, ನಿಲ್ಲುತ್ತೇನೆ. ಇಷ್ಟಕ್ಕೆಲ್ಲ ರಾದ್ಧಾಂತ ಬೇಡ.

ನೀನು ಮೊದಲಿನಿಂದಲೂ ಹೀಗೆಯೇ. ಹಾಕಿದ ಚಿಲಕವನ್ನು ಮತ್ತೆ ಎದ್ದು ಹೋಗಿ ನೋಡುವವಳು.

ಈ ಕಾಗದವನ್ನು ನಿನ್ನ ಅಮ್ಮನಿಗೆ ತೋರಿಸಿಲ್ಲ.

ಅಪ್ಪ


ಆಗಸ್ಟ್ ೨೯

ಅಪ್ಪ,

ನೀವು ಹಟ ಹಿಡಿದರೆ ಏನಂತ ಗೊತ್ತು. ನಾನೂ ನಿಮ್ಮ ಮಗಳೇ.

ನಮ್ಮ ಆಸ್ಪತ್ರೆಯಲ್ಲಿ ಹೃದಯದ ವಾರ್ಡು ಬೇರೆಯಿದೆ. ಅಲ್ಲಿಯ ಗೆಳತಿಯನ್ನು ಕಾಡಿ ಬೇಡಿ, ಹೃದಯದ ಕವಾಟ ಗಟ್ಟಿಯಾಗಿ ಕಿರಿದಾದ ಒಬ್ಬ ರೋಗಿಯ ಹತ್ತಿರ ಹೋದೆ. ಅವರೂ ನಿಮ್ಮ ವಾರಗೆಯವರೇ, ಬಡಗಿ. ‘ಒಂದ್ಸಲ ಕೇಳ್ಲಾ ಅಣ್ಣ?’ ಅಂದೆ. ‘ಎಲ್ರೂ ಕೇಳ್ತಾರಮ್ಮ, ನೀನೂ ಕೇಳು, ಪುಕ್ಕಟೆ’ ಎಂದು ಅಂಗಿ ಸರಿಸಿದರು. ಇಟ್ಟೆ. ಅದೇ ಸದ್ದು, ಅಪ್ಪ. ಅದೇ ಜಾಗ, ಅದೇ ಉಜ್ಜುವಿಕೆ. ಫ್ಯಾನಲ್ಲ, ನನ್ನ ಭ್ರಮೆಯಲ್ಲ. ನನ್ನ ಮುಖ ನೋಡಿ ಅವರೇ ಹೆದರಿ, ‘ಯಾಕಮ್ಮ, ನನ್ಗೆ ಹೆಚ್ಚಾಗಿದ್ಯಾ?’ ಎಂದರು. ‘ನಿಮ್ಗಲ್ಲಣ್ಣ, ನಮ್ಮಪ್ಪಂಗೆ’ ಎಂದು ಅಲ್ಲೇ ಅತ್ತುಬಿಟ್ಟೆ. ಅವರು ನನಗೆ ನೀರು ಕೊಟ್ಟರು.

ಅವರೇ ಹೇಳಿದ್ದು, ಕೆಲಸ ಮಾಡುವಾಗ ಕಣ್ಣಿಗೆ ಕತ್ತಲೆ ಕವಿಯುತ್ತಿತ್ತಂತೆ, ಯಾರಿಗೂ ಹೇಳಿರಲಿಲ್ಲವಂತೆ. ನಿಮಗೂ ಹಾಗಾಗುತ್ತದೆಯೇ? ನಿಜ ಹೇಳಿ.

ಅಲ್ಲಿಂದ ನೇರ ಕಾಲೇಜಿಗೆ ಹೋದೆ. ಮೇಡಂ ಕೋಣೆಯಲ್ಲಿ ಒಬ್ಬರೇ ಇದ್ದರು. ಕೇಳಿಸಿದ್ದು ಒಂದು, ಹೇಳಿದ್ದು ಒಂದು ಎಂದು ಹೇಳಿದೆ. ಅವರು ಪೆನ್ನಿನ ಮುಚ್ಚಳ ತಿರುಗಿಸುತ್ತ ಹೇಳಿದರು:

‘ವಿಡಿಯೋದಲ್ಲಿ ನನಗೆ ಆ ಸದ್ದು ಕೇಳೋದಿಲ್ಲ. ನೀವು ಹೇಳದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ. ಅದು ಗೊತ್ತಿತ್ತಲ್ವಾ ನಿಮಗೆ?’

‘ಗೊತ್ತಿತ್ತು ಮೇಡಂ.’

‘ಮತ್ತೆ ಯಾಕೆ ಬಂದ್ರಿ?’

‘ನಮ್ಮಪ್ಪ ಆ ವಿಡಿಯೋನೇ ನಂಬ್ಕೊಂಡು ಕೂತಿದ್ದಾರೆ ಮೇಡಂ. ಅದನ್ನ ರದ್ದು ಮಾಡಿ.’

ರದ್ದು ಮಾಡಿದರು. ಅವರು ಬಯ್ಯಲಿಲ್ಲ, ಬಯ್ದಿದ್ದರೆ ಚೆನ್ನಾಗಿತ್ತು. ಆ ವಿಷಯವನ್ನು ಮುಂದಿನ ಅವಧಿಯಲ್ಲಿ ಮೊದಲಿನಿಂದ ಓದಬೇಕು, ಹೊಸದಾಗಿ ಪರೀಕ್ಷೆ ಕೊಡಬೇಕು. ಓದು ಅಷ್ಟು ತಿಂಗಳು ಹಿಂದೆ ಬಿತ್ತು. ಪಾಠ ಹೇಳುವ ಹುದ್ದೆ ಇನ್ನು ನನಗಿಲ್ಲ. ಹೊಟ್ಟೆ ಉರಿಯುವುದಿಲ್ಲವೆಂದರೆ ಸುಳ್ಳು, ಉರಿಯುತ್ತದೆ. ದೊಡ್ಡ ಸಿಸ್ಟರ್ ‘ಹುಚ್ಚು ಹುಡುಗಿ’ ಎಂದು ಬೆನ್ನು ಸವರಿದಾಗ ಇನ್ನೂ ಹೆಚ್ಚು ಉರಿಯಿತು.

ಆದರೆ ಈಗ ಕೇಳಿ, ಸೀಟಿ ಮೇಷ್ಟ್ರೇ. ನನ್ನ ತೀರ್ಪನ್ನು ನಾನೇ ಹಿಂತೆಗೆದುಕೊಂಡಿದ್ದೇನೆ. ಕೆಡಲು ನನ್ನ ಮಾರ್ಕು ಉಳಿದಿಲ್ಲ, ನಿಮಗೆ ನೆಪ ಉಳಿದಿಲ್ಲ. ಡಾಕ್ಟರ ಹತ್ತಿರ ಹೋಗಿ.

ನಿಮ್ಮ ಮಗಳು

ಅಮ್ಮಾ, ಈ ಕಾಗದ ನೀನೂ ಓದು. ಅಪ್ಪ ಕೊಡದಿದ್ದರೆ ಕಿತ್ತುಕೊಂಡು ಓದು.


ಸೆಪ್ಟೆಂಬರ್ ೨೦

ಮಗಳೇ,

ನಿನ್ನ ಕಾಗದಕ್ಕೆ ಉತ್ತರಿಸಲಿಲ್ಲ. ಫೈನಲ್ ಒಂದು ಮುಗಿಯಲಿ, ಆಮೇಲೆ ನೋಡೋಣ ಎಂದುಕೊಂಡಿದ್ದೆ. ನಿನ್ನ ಅಮ್ಮ ನನ್ನೊಂದಿಗೆ ಮಾತು ಬಿಟ್ಟಿದ್ದಳು. ತಟ್ಟೆಯನ್ನು ಮಾತ್ರ ಸದ್ದು ಮಾಡಿ ಇಡುತ್ತಿದ್ದಳು.

ನಿನ್ನೆ ಫೈನಲ್ ನಡೆಯಿತು. ಮೈದಾನದ ತುಂಬ ಜನ. ಆಟ ಮುಗಿಯಲು ಇನ್ನೇನು ಸ್ವಲ್ಪ ಹೊತ್ತಿದೆ ಎನ್ನುವಾಗ ಕೆಂಪು ಅಂಗಿಯವರು ಮೂಲೆಯಿಂದ ಚೆಂಡು ಒದ್ದರು. ನಾನು ಹಿಂದೆಯೇ ಓಡಿದೆ. ಓಡುತ್ತಿದ್ದಂತೆ ಕಣ್ಣಿಗೆ ಕತ್ತಲೆ ಕವಿಯಿತು. ಎಲ್ಲ ಕಪ್ಪು. ಬೀಳಲಿಲ್ಲ, ನಿಂತೇ ಇದ್ದೆ. ‘ಗೋಲ್!’ ಎಂದು ಜನ ಕೂಗಿದ್ದು ಕೇಳಿಸಿತು. ನಾನು ಸೀಟಿ ಊದಿದೆ, ಕೈ ಎತ್ತಿ ಮಧ್ಯಕ್ಕೆ ತೋರಿಸಿದೆ. ಅಭ್ಯಾಸ. ಬಾಯಿ ತಾನಾಗಿ ಊದಿತು, ಕೈ ತಾನಾಗಿ ಎದ್ದಿತು.

ಬೆಳಕು ಮರಳಿದಾಗ ನೀಲಿ ಅಂಗಿಯ ಹುಡುಗರು ನನ್ನನ್ನು ಸುತ್ತಿಕೊಂಡಿದ್ದರು. ‘ಸಾರ್, ಹೊರಗಡೆ ಹೋಯ್ತು ಸಾರ್! ಕಂಬದ ಆಚೆ ಸಾರ್!’ ಅವರ ಗೋಲ್‌ಕೀಪರ್ ಅಳುತ್ತಿದ್ದ. ನಾನು ಎಂದಿನಂತೆ ‘ನಡೀರಿ, ನಡೀರಿ’ ಎಂದು ಕೈ ಬೀಸಿದೆ. ಬೀಸುವಾಗ ನಿನ್ನ ನೆನಪಾಯಿತು. ಪೆನ್ನಿನ ಮುಚ್ಚಳ ತಿರುಗಿಸುವ ಆ ಮೇಡಂ ಎದುರು ನೀನು ನಿಂತದ್ದು ಕಣ್ಣಿಗೆ ಕಟ್ಟಿತು.

ಎರಡೂ ತಂಡದ ನಾಯಕರನ್ನು ಕರೆದೆ. ‘ನಾನು ನೋಡಿಲ್ಲ ಕಣ್ರೋ. ನೋಡ್ದೇ ಊದ್ಬಿಟ್ಟೆ’ ಎಂದೆ. ಗೆರೆಯ ಪಕ್ಕದಲ್ಲಿ ಬಾವುಟ ಹಿಡಿದಿದ್ದ ಮೇಷ್ಟ್ರನ್ನು ಕೇಳಿದೆ. ಚೆಂಡು ಹೊರಗೆ ಹೋಗಿತ್ತು. ಗೋಲು ರದ್ದು ಮಾಡಿದೆ. ‘ಸೀಟಿ ಮೇಷ್ಟ್ರು ಮಾತು ಬದಲಾಯಿಸಿದ್ರು!’ ಎಂದು ಜನ ಎದ್ದು ನಿಂತು ಕೂಗಿದರು. ಕೂಗಲಿ. ಸೀಟಿಯನ್ನು ಆ ಮೇಷ್ಟ್ರ ಕೈಗೆ ಕೊಟ್ಟು ಬೆಂಚಿನ ಮೇಲೆ ಕೂತೆ.

ಕತ್ತಲೆ ಕವಿದದ್ದು ಇದೇ ಮೊದಲಲ್ಲ. ನೀನು ಕೇಳಿದ್ದಕ್ಕೆ ಇದು ಉತ್ತರ. ನಿನ್ನ ಮಾರ್ಕಿನ ನೆಪ ಹೇಳಿದೆ, ಅದು ಅರ್ಧ ನಿಜ. ಉಳಿದರ್ಧ ಹೆದರಿಕೆ. ಸೀಟಿ ಕಿತ್ತುಕೊಂಡು ಮನೆಯಲ್ಲಿ ಕೂರಿಸುತ್ತಾರೆ ಎಂಬ ಹೆದರಿಕೆ, ಮಗಳೇ.

ಯಾವಾಗ ಬರಲಿ? ಡಾಕ್ಟರಿಗಿಂತ ಮೊದಲು ನೀನು ಕೇಳು. ಏನು ಕೇಳಿಸಿದರೂ ಗಟ್ಟಿಯಾಗಿ ಹೇಳು.

ಅಪ್ಪ

ಮಗೂ, ನಿನ್ನ ಆಗಸ್ಟಿನ ಕಾಗದ ಕಿತ್ಕೊಂಡೇ ಓದಿದೆ. ಆವತ್ತಿಂದ ಬ್ಯಾಗು ತುಂಬಿಸಿಟ್ಟಿದ್ದೀನಿ. ಸೋಮವಾರ ಹೊರಡ್ತೀವಿ. – ಅಮ್ಮ


ನವೆಂಬರ್ ೨೫

ಅಪ್ಪ, ಅಮ್ಮ,

ಸುಖವಾಗಿ ಮನೆ ಮುಟ್ಟಿದಿರಿ ಎಂದು ವಕೀಲರು ಫೋನ್ ಮಾಡಿದರು. ಅಪ್ಪ ಹೊಲಿಗೆಯ ಗಾಯವನ್ನು ಅವರಿಗೂ ತೋರಿಸಿದರಂತೆ, ಬೇಡ ಬೇಡ ಎಂದರೂ.

ನೀವಿಬ್ಬರೂ ಹೋದ ಮೇಲೆ ಮನೆ ಬಿಕೋ ಎನ್ನುತ್ತಿದೆ. ಇಷ್ಟು ವರ್ಷ ಎಷ್ಟೋ ಜನರನ್ನು ಆಪರೇಷನ್ ಕೋಣೆಯ ಬಾಗಿಲವರೆಗೆ ತಳ್ಳಿಕೊಂಡು ಹೋಗಿ, ಅವರ ಮನೆಯವರಿಗೆ ‘ಏನೂ ಆಗಲ್ಲ, ಕೂತ್ಕೊಳ್ಳಿ’ ಎಂದಿದ್ದೇನೆ. ಅಪ್ಪನಿಗೆ ಹೊಸ ಕವಾಟ ಹಾಕುವ ದಿನ ಹೊರಗೆ ನಿಂತಾಗ ಗೊತ್ತಾಯಿತು, ಆ ಮಾತು ಎಂಥ ಹಗುರ ಮಾತು ಎಂದು. ನನ್ನ ಕೈಲಿ ಕೂರಲಾಗಲಿಲ್ಲ. ಆ ತುದಿಯಿಂದ ಈ ತುದಿಗೆ ನಡೆದೆ. ಒಳಗೆ ಏನೇನು ಮಾಡುತ್ತಿದ್ದಾರೆ ಎಂದು ಗೊತ್ತಿರುವುದೇ ನನ್ನ ಪಾಲಿಗೆ ಶಿಕ್ಷೆಯಾಯಿತು. ಅಮ್ಮ ಮಾತ್ರ ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಬೆಂಚಿನ ಮೇಲೆ ಕೂತವಳು ಬಾಗಿಲು ತೆರೆಯುವವರೆಗೆ ಅಲುಗಾಡಲಿಲ್ಲ. ಅಮ್ಮ ಅಷ್ಟು ಹೊತ್ತು ಒಂದೇ ಕಡೆ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅಪ್ಪ, ‘ಸ್ವಲ್ಪ ತಡವಾಗಿದ್ದರೆ’ ಎಂದು ಡಾಕ್ಟರು ಶುರುಮಾಡಿದ ಮಾತನ್ನು ನಾನು ಪೂರ್ತಿ ಮಾಡಲು ಬಿಡಲಿಲ್ಲ. ನೀವೂ ಅದನ್ನು ಯೋಚಿಸಬೇಡಿ. ಎಚ್ಚರವಾದ ಕೂಡಲೇ ಮಂಪರಿನಲ್ಲಿ ‘ಫೈನಲ್ ಯಾರು ಗೆದ್ದರು?’ ಎಂದು ಕೇಳಿದಿರಂತೆ. ಅಲ್ಲಿಯ ನರ್ಸುಗಳು ಇನ್ನೂ ಹೇಳಿಕೊಂಡು ನಗುತ್ತಾರೆ.

ಬರುವ ವರ್ಷದ ಪಾಠ ಹೇಳುವ ಹುದ್ದೆಗೆ ನನ್ನ ಕ್ಲಾಸಿನವಳೊಬ್ಬಳನ್ನು ಆಗಲೇ ಆರಿಸಿದ್ದಾರೆ. ಒಳ್ಳೆಯವಳು. ಅವಳ ಪಕ್ಕ ಬೆಂಚಿನಲ್ಲಿ ಕೂರುವಾಗ ಮೈ ಪರಚಿಕೊಳ್ಳುವಂತಾಗುತ್ತದೆ, ಆದರೂ ಕೂರುತ್ತೇನೆ. ಜನವರಿಯಲ್ಲಿ ಮತ್ತೆ ಅದೇ ಪರೀಕ್ಷೆ. ಗಾಯ ಹಸಿಯಿರುವುದರಿಂದ ಅಪ್ಪನನ್ನು ಕೂರಿಸುವುದು ಬೇಡ ಎಂದು ಮೇಡಂ ಹೇಳಿದ್ದಾರೆ. ಯಾರನ್ನು ಕೂರಿಸಲಿ ಎಂದು ಹೊಳೆಯುತ್ತಿಲ್ಲ. ಮನೆಯವರನ್ನು ನಿನ್ನೆ ಮಲಗಿಸಿ ನೋಡಿದೆ, ಮುಟ್ಟುವ ಮೊದಲೇ ನಕ್ಕರು. ಪಕ್ಕದ ಮನೆಯವರನ್ನು ಕೇಳಬೇಕು.

ನಿಮ್ಮ ಮಗಳು


ಡಿಸೆಂಬರ್ ೪

ಮಗೂ,

ಇಷ್ಟು ವರ್ಷ ನಿಮ್ಮಪ್ಪನ ಕಾಗದದಲ್ಲಿ ಮೂಲೇಲಿ ಜಾಗ ಉಳಿದರೆ ನಾನು ಬರೀತಿದ್ದೆ. ಈ ಸಲ ಇಡೀ ಕಾಗದ ನಂದು. ಅವರು ಕೇಳಿದ್ರು, ‘ನನ್ಗೆ ಜಾಗ ಬಿಡ್ತೀಯಾ?’ ಅಂತ. ಇಲ್ಲ ಅಂದೆ.

ಅವರು ಚೆನ್ನಾಗಿದ್ದಾರೆ. ಮಾತ್ರೆ ನುಂಗುವಾಗ ಮುಖ ಸಿಂಡರಿಸ್ತಾರೆ, ನುಂಗ್ತಾರೆ. ಮೈದಾನಕ್ಕೆ ಹೋಗಿ ಬೆಂಚಿನ ಮೇಲೆ ಕೂತು ಹೊಸ ರೆಫರಿಗೆ ಬುದ್ಧಿ ಹೇಳ್ತಾರೆ, ಪಾಪ ಆ ಮನುಷ್ಯ. ಮೆಟ್ಟಿಲ ಮಧ್ಯದಲ್ಲಿ ನಾನು ಕುಂಡದಲ್ಲಿ ಒಂದು ಗಿಡ ತಂದಿಟ್ಟಿದ್ದೀನಿ, ನಿಜವಾದ ಗಿಡ. ಅದನ್ನ ನೋಡಿ ಮೂರು ದಿನ ನಗಾಡಿದ್ರು. ಈಗ ಸೀದಾ ಹತ್ತಿ ಹೋಗ್ತಾರೆ, ನಿಲ್ಲೋದಿಲ್ಲ. ಅಲ್ಲಿ ನಿಂತು ನೀರು ಹಾಕೋಳು ನಾನೇ.

ನೀನು ಬರೆದದ್ದು ಓದಿದೆ. ಗಂಡನ್ನ ಕೇಳಿದೀಯ, ಪಕ್ಕದ ಮನೆಯವರನ್ನ ಕೇಳ್ತೀನಿ ಅಂತೀಯ. ನನ್ನ ಕೇಳಲಿಲ್ಲ. ಬೇಜಾರಿಲ್ಲ ಬಿಡು. ಸ್ವಲ್ಪ ಇತ್ತು, ಗಿಡಕ್ಕೆ ನೀರು ಹಾಕುವಾಗ ಹೋಯ್ತು. ನಾನು ಎದ್ದು ಓಡಾಡ್ತಾನೇ ಇರ್ತೀನಿ ಅನ್ನೋದು ನಿಜ. ನಾನು ಕೂತರೆ ಈ ಮನೇಲಿ ಯಾವುದು ನಡೀತಿತ್ತು ಹೇಳು? ನೀನೂ ನನ್ನ ಹಾಗೇ ಆಗಿದ್ದೀಯ, ಕಾಲಿಗೆ ಚಕ್ರ ಕಟ್ಕೊಂಡು. ಅದು ನಿಮ್ಮಪ್ಪನ ಕಡೆಯಿಂದ ಬಂದಿದ್ದಲ್ಲ.

ಆಸ್ಪತ್ರೆಯಲ್ಲಿ ಆ ಬೆಂಚಿನ ಮೇಲೆ ಕೂತಿದ್ದಾಗ ಒಂದು ಯೋಚನೆ ಬಂತು. ನಿಮ್ಮಪ್ಪನ ಎದೆಗೆ ಎಷ್ಟು ಜನ ಕಿವಿ ಇಟ್ಟರು! ನೀನು, ಡಾಕ್ಟರು, ಅವರ ಹಿಂದೆ ಇನ್ನೊಬ್ಬ ಡಾಕ್ಟರು, ಕಲಿಯೋ ಹುಡುಗರು. ನಿನ್ನ ಹೆತ್ತಾಗಿನಿಂದ ನನ್ನ ಎದೆಗೆ ಯಾರೂ ಕಿವಿ ಇಟ್ಟಿಲ್ಲ. ನಾನೂ ಯಾರಿಗೂ ಹೇಳ್ಲಿಲ್ಲ, ಯಾರೂ ಕೇಳ್ಲಿಲ್ಲ.

ಜನವರೀಲಿ ಬಾ. ಸಂಜೆ ಬಸ್ಸು ಬೇಡ, ಉಳಿದುಕೊಂಡು ಹೋಗು. ಒಲೆ ಆರಿಸೇ ಕೂರ್ತೀನಿ, ಮಧ್ಯದಲ್ಲಿ ಏಳಲ್ಲ. ನೀನೂ ಅವಸರ ಮಾಡಬೇಡ. ಏನು ಕೇಳಿಸುತ್ತೋ, ಅದನ್ನೇ ಹೇಳು.

ಅಮ್ಮ